ವಾರ್ಡಿನ ಸಾಫ್ಟ್‌ವೇರ್: ಲಾಗಿನ್‌ಗೆ ಪೂರ್ತಿ ಅಂಕ, ಪ್ರಿಂಟ್‌ಗೆ ಅರ್ಧ

ಆಸ್ಪತ್ರೆಗೆ ಈ ಹೊಸ ರೆಕಾರ್ಡ್ ಸಾಫ್ಟ್‌ವೇರ್ ಬಂದು ಎಂಟು ತಿಂಗಳಾಯಿತು. ಡೆಮೋ ನೋಡಿ ಕೊಂಡವರು ಬೇರೆ, ನೈಟ್ ಡ್ಯೂಟಿಯಲ್ಲಿ ಅದರ ಜೊತೆ ಏಗುವವರು ಬೇರೆ. ನಾನು ಏಗುವವಳು, ವಾರ್ಡ್ ನರ್ಸ್.

ಲಾಗಿನ್ ಬಗ್ಗೆ ಒಂದು ಕೆಟ್ಟ ಮಾತೂ ಆಡುವ ಹಾಗಿಲ್ಲ. ಹಳೆಯದು ತೆರೆದುಕೊಳ್ಳಲಿಕ್ಕೇ ಎರಡು ನಿಮಿಷ ತಿನ್ನುತ್ತಿತ್ತು. ಹಾಗಾಗಿ ಬೆಳಗ್ಗೆ ಯಾರೋ ಒಬ್ಬರು ಲಾಗಿನ್ ಆದರೆ ಅವರ ಹೆಸರಲ್ಲೇ ಇಡೀ ವಾರ್ಡಿನ ಸಂಸಾರ ನಡೆಯುತ್ತಿತ್ತು. ಪಾಸ್‌ವರ್ಡಿನ ಚೀಟಿ ಕೀಬೋರ್ಡ್ ಅಡಿಯಲ್ಲಿ (ಕೈಬರಹ ನನ್ನದೇ). ಈಗ ಐಡಿ ಕಾರ್ಡ್ ತಾಗಿಸಿದರೆ ನಾನು ಬಿಟ್ಟುಹೋದ ಪುಟವೇ ತೆರೆಯುತ್ತದೆ. ಡ್ಯೂಟಿ ಶುರುವಿನಲ್ಲಿ ಒಂದು ಸಲ ಪಿನ್, ಅಷ್ಟೇ. ಚೀಟಿ ತಾನಾಗಿ ಕಸದ ಬುಟ್ಟಿ ಸೇರಿತು. ಮನೆಯಿಂದ ರಿಪೋರ್ಟ್ ನೋಡುವ ಡಾಕ್ಟರುಗಳಿಗೆ ಮಾತ್ರ ಫೋನಿನಲ್ಲೂ ಒಪ್ಪಿಗೆ ಒತ್ತಬೇಕು. ಗೊಣಗುತ್ತಾರೆ, ಗೊಣಗಲಿ. 2024ರಲ್ಲಿ ಅಮೆರಿಕದ ಚೇಂಜ್ ಹೆಲ್ತ್‌ಕೇರ್ ಕಂಪನಿಗೆ ಕಳ್ಳರು ನುಗ್ಗಿದ್ದು ಈ ಎರಡನೇ ಬೀಗವಿಲ್ಲದ ಒಂದು ರಿಮೋಟ್ ಪೋರ್ಟಲ್ ಮೂಲಕ.

ತಕರಾರು ಇರುವುದು ಪ್ರಿಂಟ್‌ನಲ್ಲಿ. ವಾರ್ಡಿನ ಒಂದು ಕಂಪ್ಯೂಟರ್ ಗಂಟೆಗೊಮ್ಮೆ ಎಲ್ಲ ರೋಗಿಗಳ ಸಾರಾಂಶವನ್ನು ತನ್ನೊಳಗೇ ಉಳಿಸಿಕೊಳ್ಳುತ್ತದೆ; ಸರ್ವರ್ ಹೋದರೂ ಪ್ರಿಂಟ್ ತೆಗೆಯಬಹುದು. ಕಳೆದ ತಿಂಗಳು ಒಂದು ರಾತ್ರಿ ಹತ್ತೂಕಾಲಿಗೆ, ಏನೋ ಅನುಮಾನ ಬಂದು ಐಟಿಯವರು ನೆಟ್‌ವರ್ಕ್ ಪೂರ್ತಿ ಕಿತ್ತರು. ಪ್ರಿಂಟ್ ಬಂತು. ಹೆಸರಿದೆ, ಅಲರ್ಜಿ ಇದೆ, ಔಷಧಿ ಇದೆ, ಡೋಸ್ ಇದೆ. ಕೊನೆಯ ಡೋಸ್ ಕೊಟ್ಟದ್ದು ಎಷ್ಟು ಗಂಟೆಗೆ? ಆ ಕಾಲಂ ಇಲ್ಲ. ಕಿಟಕಿ ಪಕ್ಕದ ಅಜ್ಜನಿಗೆ ರಾತ್ರಿಯ ಇನ್ಸುಲಿನ್ ಆಗಿದೆಯೋ ಇಲ್ಲವೋ! ಸಿಸ್ಟಮ್‌ನಲ್ಲಿ ಇದೆಯಲ್ಲ ಅಂದುಕೊಂಡು, ಡ್ಯೂಟಿ ಬದಲಾಗುವಾಗಿನ ಹ್ಯಾಂಡ್‌ಓವರ್‌ನಲ್ಲಿ ಅದನ್ನು ಯಾರೂ ಹೇಳಿರಲಿಲ್ಲ. ಅಜ್ಜನನ್ನೇ ಕೇಳಿದೆ. "ಏನೋ ಚುಚ್ಚಿದರಮ್ಮ, ಯಾವುದೋ ಗೊತ್ತಿಲ್ಲ." ಮನೆ ಸೇರಿದ್ದ ಸಹೋದ್ಯೋಗಿಗೆ ಫೋನ್ ಮಾಡಿದೆ. ಮೂರನೇ ಸಲಕ್ಕೆ ಎತ್ತಿ, ಒಂಬತ್ತೂವರೆಗೇ ಕೊಟ್ಟಾಯ್ತು ಅಂದಳು. ನಾನು ಇನ್ನೊಂದು ಕೊಟ್ಟಿದ್ದರೆ ಬೆಳಗಾಗುವಷ್ಟರಲ್ಲಿ ಅಜ್ಜನ ಶುಗರ್ ಎಲ್ಲಿಗೆ ಇಳಿಯುತ್ತಿತ್ತೋ.

ಮರುದಿನ ಕಾಗದದಲ್ಲಿದ್ದದ್ದನ್ನೆಲ್ಲ ಟೈಪ್ ಮಾಡಿದೆವು. ಕೊಟ್ಟ ಸಮಯ ಹಾಕುವ ಜಾಗ ಮೂರು ಮೆನು ಒಳಗೆ ಅಡಗಿದೆ. ಅದು ಗೊತ್ತಿಲ್ಲದವರು ನಮೂದಿಸಿದ ರೋಗಿಗಳಿಗೆ ರಾತ್ರಿಯ ಡೋಸುಗಳೆಲ್ಲ ಬೆಳಗ್ಗೆ ಒಟ್ಟಿಗೇ ಕೊಟ್ಟ ಹಾಗೆ ಚಾರ್ಟ್ ತೋರಿಸಿತು.

ನಮ್ಮದು ಒಂದು ರಾತ್ರಿಯ ಪಾಡು. 2021ರ ಮೇ 14ರಂದು ಐರ್ಲೆಂಡಿನ ಸಾರ್ವಜನಿಕ ಆರೋಗ್ಯ ಸೇವೆಯ ಮೇಲೆ ರ‍್ಯಾನ್ಸಮ್‌ವೇರ್ ದಾಳಿಯಾದಾಗ (ಫೈಲುಗಳಿಗೆ ಬೀಗ ಹಾಕಿ, ಕೀಲಿಗೆ ಹಣ ಕೇಳುವ ದಾಳಿ), ಬೀಗ ಹಾಕಿದವರೇ ಕೀಲಿ ಪುಕ್ಕಟೆ ಕೊಟ್ಟರೂ ಎಲ್ಲ ಸರಿಹೋಗಲು ನಾಲ್ಕು ತಿಂಗಳು ಹಿಡಿಯಿತು. ಅಷ್ಟು ದಿನ ಇಂಥ ಪ್ರಿಂಟ್ ನಂಬಿಕೊಂಡು ವಾರ್ಡ್ ನಡೆಸುವುದನ್ನು ನೆನೆದರೆ ಕೈ ನಡುಗುತ್ತದೆ.

ಐದಕ್ಕೆ ಮೂರೂವರೆ ಕೊಡುತ್ತೇನೆ. ಆ ಕಾಲಂ ಮುಂದಿನ ಅಪ್‌ಡೇಟಿನಲ್ಲಿ ಬರುತ್ತದಂತೆ. ಅಲ್ಲಿಯವರೆಗೆ ಇನ್ಸುಲಿನ್ ಕೊಟ್ಟ ಸಮಯವನ್ನು ಸ್ಟಾಫ್ ರೂಮಿನ ಬಿಳಿ ಬೋರ್ಡಿನಲ್ಲಿ ಬರೆಯುತ್ತಿದ್ದೇವೆ, ಬರೀ ಬೆಡ್ ನಂಬರ್ ಹಾಕಿ. ಹೆಸರು ಬರೆದರೆ ಐಟಿಯವರು ಬಂದು ಒರೆಸಿ ಹೋಗುತ್ತಾರೆ.