ಕ್ಲೋರ್‌ಹೆಕ್ಸಿಡಿನ್ ಶಾಂಪೂ: ಅಲರ್ಜಿ ಇರುವ ನಾಯಿಗೆ ವರ್ಷಗಟ್ಟಲೆ ಬಳಸಿದ ಮೇಲೆ

ಕ್ಲೋರ್‌ಹೆಕ್ಸಿಡಿನ್ ಅನ್ನುವ ಸೋಂಕುನಾಶಕ ಇರುವ ಈ ಶಾಂಪೂ ಅಲರ್ಜಿಯನ್ನು ಗುಣ ಮಾಡುವುದಿಲ್ಲ. ಬಹಳ ಜನ ಅದೇ ಆಸೆಯಿಂದ ಕೊಳ್ಳುತ್ತಾರೆ, ಒಂದೆರಡು ಸಲ ಸ್ನಾನ ಮಾಡಿಸುತ್ತಾರೆ, ನಾಯಿ ಇನ್ನೂ ಕೆರೆದುಕೊಳ್ಳುತ್ತಲೇ ಇದೆ ಅಂತ ಒಂದು ಸ್ಟಾರ್ ಕೊಟ್ಟು ಬಾಟಲಿಯನ್ನು ಮೂಲೆಗೆ ಹಾಕುತ್ತಾರೆ. ನಾನು ಐದಕ್ಕೆ ನಾಲ್ಕು ಕೊಡುತ್ತೇನೆ, ಅದೂ ಬಾಟಲಿ ಮೇಲೆ ಬಾಟಲಿ ಮುಗಿಸಿದ ಮೇಲೆ.

ನಮ್ಮ ಬೆಳ್ಳಿ ತಿಳಿ ಬಣ್ಣದ ಲ್ಯಾಬ್ರಡಾರ್. ಅವಳಿಗಿರುವುದು ಅಟೋಪಿ, ಅಂದರೆ ಧೂಳಿನ ನುಸಿ, ಹೂವಿನ ಪರಾಗ ಇಂಥವಕ್ಕೆ ಚರ್ಮ ಕೆರಳುವ ಅಲರ್ಜಿ. ನಾಯಿಗಳಲ್ಲಿ ಇದು ಹೆಚ್ಚಾಗಿ 6 ತಿಂಗಳಿಂದ 3 ವರ್ಷದ ಒಳಗೆ ಶುರುವಾಗುತ್ತದೆ. ಪಂಜ, ಕಂಕುಳು, ಹೊಟ್ಟೆ, ಕಿವಿ, ಯಾವಾಗಲೂ ಇದೇ ಜಾಗಗಳು. ನೆಕ್ಕಿ ನೆಕ್ಕಿ ಅವಳ ಪಂಜದ ಕೂದಲೆಲ್ಲ ಜೊಲ್ಲಿನ ಕಲೆಯಿಂದ ಕಂದು ಬಣ್ಣಕ್ಕೆ ತಿರುಗಿತ್ತು. ಕಂಕುಳಲ್ಲಿ ಚರ್ಮ ದಪ್ಪಗಾಗಿ ಕಪ್ಪಾಗಿತ್ತು. ಎಷ್ಟು ತೊಳೆದರೂ ಸ್ವಲ್ಪ ದಿನಕ್ಕೇ ಮೈ ಜಿಡ್ಡುಜಿಡ್ಡು, ಜೊತೆಗೆ ಒಂಥರಾ ಕಮಟು ವಾಸನೆ.

ಆ ವಾಸನೆಯೇ ಸುಳಿವು. ಚೆನ್ನಾಗಿರುವ ನಾಯಿಯ ಚರ್ಮದ ಮೇಲೂ ಸ್ಟ್ಯಾಫಿಲೋಕಾಕಸ್ ಅನ್ನುವ ಬ್ಯಾಕ್ಟೀರಿಯಾ, ಮಲಸೇಜಿಯಾ ಅನ್ನುವ ಯೀಸ್ಟ್ ಇದ್ದೇ ಇರುತ್ತವೆ, ತಮ್ಮ ಪಾಡಿಗೆ ಸುಮ್ನೆ ಇರುತ್ತವೆ. ಅಲರ್ಜಿಯಿಂದ ಚರ್ಮ ಹಾಳಾಯಿತು ಅಂದರೆ ವಿಪರೀತ ಬೆಳೆದು ತಾವೇ ಬೇರೆ ತುರಿಕೆ ಹುಟ್ಟಿಸುತ್ತವೆ, ನಾಯಿ ಇನ್ನಷ್ಟು ಕೆರೆಯುತ್ತದೆ, ಚರ್ಮ ಇನ್ನಷ್ಟು ಕಿತ್ತುಹೋಗುತ್ತದೆ. ಅಲರ್ಜಿಯ ತುರಿಕೆಯ ಮೇಲೆ ಸೋಂಕಿನ ತುರಿಕೆ. ಶಾಂಪೂ ಕೆಲಸ ಮಾಡುವುದು ಈ ಎರಡನೆಯದರ ಮೇಲೆ. ನಮ್ಮ ವೆಟ್ ಚರ್ಮಕ್ಕೆ ಟೇಪ್ ಅಂಟಿಸಿ ಕಿತ್ತು ಮೈಕ್ರೋಸ್ಕೋಪಿನಲ್ಲಿ ನೋಡಿದರು. ಯೀಸ್ಟ್ ತುಂಬಿಕೊಂಡಿತ್ತು. ಅದಕ್ಕೇ ಶೇ 2 ಕ್ಲೋರ್‌ಹೆಕ್ಸಿಡಿನ್ ಜೊತೆ ಯೀಸ್ಟ್ ಕೊಲ್ಲುವ ಮೈಕೊನಜೋಲ್ ಶೇ 2 ಇರುವುದನ್ನು ಬರೆದುಕೊಟ್ಟರು. ಕ್ಲೋರ್‌ಹೆಕ್ಸಿಡಿನ್ ಒಂದೇ ಶೇ 4 ಇರುವ ಶಾಂಪೂ ಕೂಡ ಸಿಗುತ್ತದೆ. ಯಾವುದು ಬೇಕು ಅನ್ನುವುದು ಆ ಟೇಪ್ ನೋಡಿದವರಿಗೆ ಗೊತ್ತು, ಆದ್ದರಿಂದ ಪರೀಕ್ಷೆ ಮಾಡಿಸಿಯೇ ಕೊಳ್ಳಿ.

ಈಗ ನಿಜವಾದ ವಿಷಯ. ಹತ್ತು ನಿಮಿಷ. ನೊರೆ ಮೈಮೇಲೆ 10 ನಿಮಿಷ ಇರಬೇಕು, ಹಚ್ಚಿ ತಕ್ಷಣ ತೊಳೆದರೆ ಔಷಧಿಯನ್ನು ಮೋರಿಗೆ ಸುರಿದಂತೆ. ಗಡಿಯಾರ ನೋಡಿಕೊಂಡೇ ಮಾಡಬೇಕು, ಒದ್ದೆ ನಾಯಿಯ ಜೊತೆ ಬಚ್ಚಲಲ್ಲಿ ನಿಂತಾಗ ಮೂರು ನಿಮಿಷವೇ ಹತ್ತರಂತೆ ಅನ್ನಿಸುತ್ತದೆ. ನಾನು ಎಲ್ಲಿ ಹೆಚ್ಚು ಕೆಟ್ಟಿದೆಯೋ ಅಲ್ಲಿಂದ ಶುರು ಮಾಡುತ್ತೇನೆ: ಮೊದಲು ನಾಲ್ಕು ಪಂಜ, ಬೆರಳ ಸಂದು, ಕಂಕುಳು, ತೊಡೆ ಸಂದು, ಕೊನೆಗೆ ಬೆನ್ನು. ಹೀಗೆ ಮಾಡಿದರೆ ಬೇಕಾದ ಜಾಗದಲ್ಲಿ ಔಷಧಿ ಜಾಸ್ತಿ ಹೊತ್ತು ನಿಲ್ಲುತ್ತದೆ. ಬಿಸಿ ನೀರು ಬೇಡ, ತುರಿಕೆ ಹೆಚ್ಚುತ್ತದೆ. ತಣ್ಣಗಿನ ಅಥವಾ ಉಗುರುಬೆಚ್ಚಗಿನ ನೀರು ಸಾಕು. ಆಮೇಲೆ ಚೆನ್ನಾಗಿ ತೊಳೆದು ಸಂದುಗಳನ್ನೆಲ್ಲ ಒಣಗಿಸಬೇಕು, ತೇವ ಉಳಿದರೆ ಯೀಸ್ಟಿಗೆ ಹಬ್ಬ.

ಶುರುವಿನ ಕೆಲವು ವಾರ ವಾರಕ್ಕೆ ಎರಡು ಸಲ, ಆಮೇಲೆ ವಾರಕ್ಕೊಂದು ಸಲ ಮಾಡಿಸುತ್ತಾ ಬಂದಿದ್ದೇವೆ. ಮೊದಲು ಹೋದದ್ದು ವಾಸನೆ. ಆಮೇಲೆ ಜಿಡ್ಡು, ಹುರುಪೆ. ಕಂಕುಳಿನ ಕಪ್ಪು ತಿಳಿಯಾಗಲು ತಿಂಗಳುಗಳೇ ಹಿಡಿದವು, ತಾಳ್ಮೆ ಬೇಕು. ರಾತ್ರಿ ಟಪ ಟಪ ಅಂತ ಕಾಲಿನಲ್ಲಿ ಕೆರೆಯುವ ಸದ್ದು ಕಡಿಮೆಯಾಗಿ ಅವಳು ಒಂದೇ ಸಮ ನಿದ್ದೆ ಮಾಡಲು ಶುರು ಮಾಡಿದಾಗ ಮನೆಯವರೆಲ್ಲರಿಗೂ ಆದ ಸಮಾಧಾನ ದೊಡ್ಡದು. ನನಗೆ ಇನ್ನೂ ಮುಖ್ಯ ಅನ್ನಿಸುವುದು ಆಂಟಿಬಯಾಟಿಕ್ ಮಾತ್ರೆ ಕಡಿಮೆಯಾದದ್ದು. ಮೊದಲು ಕೀವುಗುಳ್ಳೆ ಬಂದಾಗಲೆಲ್ಲ ಕೋರ್ಸ್ ನಡೆಯುತ್ತಿತ್ತು. ಪದೇ ಪದೇ ಹಾಗೆ ಕೊಟ್ಟರೆ ಔಷಧಿಗೆ ಬಗ್ಗದ ಸ್ಟ್ಯಾಫಿಲೋಕಾಕಸ್ ಬೆಳೆಯುತ್ತದೆ. ಮೇಲ್ಮೈ ಸೋಂಕನ್ನು ಶಾಂಪೂವಿನಲ್ಲೇ ಹಿಡಿತಕ್ಕೆ ತರಬಹುದು ಅಂದಮೇಲೆ ಮಾತ್ರೆ ಯಾಕೆ, ಅಲ್ವಾ?

ಇದರಿಂದ ಆಗದ ಕೆಲಸಗಳೂ ಇವೆ. ಚಿಗಟಕ್ಕೆ ಬೇರೆ ಔಷಧಿ ತಪ್ಪದೆ ಕೊಡಲೇಬೇಕು. ಚಿಗಟದ ಜೊಲ್ಲಿಗೆ ಅಲರ್ಜಿ ಇರುವ ನಾಯಿಗೆ ಒಂದೆರಡು ಕಡಿತವೇ ಸಾಕು, ಮೈಯೆಲ್ಲ ಹರಿದುಕೊಳ್ಳುತ್ತದೆ. ಬೆನ್ನಿಗೆ ಹನಿಸುವ ಔಷಧಿ ಹಾಕುವವರು ಒಂದು ಗಮನಿಸಿ: ಇಷ್ಟು ಸಲ ಸ್ನಾನ ಮಾಡಿಸಿದರೆ ಅದರ ಶಕ್ತಿ ಕುಂದಬಹುದು, ನಾವು ಅದಕ್ಕೇ ಬಾಯಿಗೆ ಕೊಡುವ ಮಾತ್ರೆಗೆ ಬದಲಾದೆವು. ಆಹಾರದ ಅಲರ್ಜಿ ಇದೆಯೋ ಇಲ್ಲವೋ ಅಂತ ತಿಳಿಯಲು ಕನಿಷ್ಠ 8 ವಾರ ವೆಟ್ ಹೇಳಿದ ಆಹಾರ ಬಿಟ್ಟು ಇನ್ನೇನೂ ಕೊಡದೆ ನೋಡಬೇಕು, ಬೇರೆ ದಾರಿ ಇಲ್ಲ. ಅಲರ್ಜಿ ಜೋರಾಗಿ ಕೆರಳಿದಾಗ ಬೆಳ್ಳಿಗೂ ಒಕ್ಲಾಸಿಟಿನಿಬ್ ಮಾತ್ರೆ ಬೇಕಾಗುತ್ತದೆ, ಒಂದು ದಿನದೊಳಗೆ ತುರಿಕೆ ತಗ್ಗುತ್ತದೆ. 12 ತಿಂಗಳಿಗಿಂತ ಚಿಕ್ಕ ಮರಿಗೆ ಆ ಮಾತ್ರೆ ಕೊಡುವ ಹಾಗಿಲ್ಲ. ಗಂಭೀರ ಸೋಂಕು ಇರುವಾಗಲೂ ಇಲ್ಲ.

ಒಂದು ಸ್ಟಾರ್ ಕಡಿಮೆ ಮಾಡಿದ್ದು ಒಣಗುವ ಕಾರಣಕ್ಕೆ. ಸ್ನಾನದ ಮಾರನೇ ದಿನ ಬೆನ್ನ ಮೇಲೆ ಹೊಟ್ಟು ಕಾಣುತ್ತಿತ್ತು, ಕೂದಲು ಒರಟು. ನಾಯಿಗಳಿಗಾಗಿಯೇ ಮಾಡಿದ ಕಂಡೀಷನರ್ ಹಚ್ಚಲು ಶುರು ಮಾಡಿದ ಮೇಲೆ ಸರಿಹೋಯಿತು, ಆದರೆ ಅದು ಇನ್ನೊಂದು ಖರ್ಚು, ಇನ್ನೊಂದು ಕೆಲಸ.

ಲೇಬಲ್ಲಿನಲ್ಲಿ ಸಣ್ಣ ಅಕ್ಷರದಲ್ಲಿ ಇರುವ ಅಥವಾ ಇಲ್ಲದೇ ಇರುವ ಕೆಲವು ಮಾತು. ಕಣ್ಣಿಗೆ ಹೋಗಬಾರದು, ಕಣ್ಣಿನ ಪಾರದರ್ಶಕ ಪೊರೆಗೇ ಪೆಟ್ಟಾಗುತ್ತದೆ. ಮುಖಕ್ಕೆ ನಾನು ಬಟ್ಟೆಯಲ್ಲಿ ಮಾತ್ರ ಒರೆಸುತ್ತೇನೆ. ಕಿವಿಯ ಒಳಗೂ ಬೇಡ, ತಮಟೆ ತೂತಾಗಿದ್ದರೆ ಕಿವುಡಾಗುವ ಅಪಾಯ ಇದೆ. ಮೊದಲು ಮಾಮೂಲಿ ಶಾಂಪೂ ಹಾಕಿ ಕೊಳೆ ತೆಗೆಯುವವರು ಅದನ್ನು ಪೂರ್ತಿ ತೊಳೆದೇ ಇದನ್ನು ಹಚ್ಚಿ, ಸೋಪಿನ ಅಂಶ ಉಳಿದರೆ ಕ್ಲೋರ್‌ಹೆಕ್ಸಿಡಿನ್ ಕೆಲಸ ಮಾಡುವುದಿಲ್ಲ. ಒರೆಸಿದ ಟವೆಲ್ಲನ್ನು ಬ್ಲೀಚಿಗೆ ಹಾಕಬೇಡಿ, ಹೋಗದ ಕಂದು ಕಲೆ ನಿಂತುಬಿಡುತ್ತದೆ. ತುರಿಕೆಗೆ ಒಳ್ಳೆಯದು ಅಂತ ಯಾರಾದರೂ ಹೇಳಿದರೂ ಟೀ ಟ್ರೀ ಎಣ್ಣೆಯನ್ನು ಇದರ ಜೊತೆ ಹಚ್ಚಬೇಡಿ, ನಾಯಿಗೆ ಅದು ವಿಷ.

ಸ್ನಾನಕ್ಕೆ ಹೆದರುವ ನಾಯಿ, ವಯಸ್ಸಾಗಿ ನಿಲ್ಲಲಾಗದ ನಾಯಿ ಇದ್ದರೆ ಇದೇ ಔಷಧಿಯ ಒರೆಸುವ ವೈಪ್ಸ್ ಮತ್ತು ತೊಳೆಯುವ ಅಗತ್ಯವಿಲ್ಲದ, ನೊರೆಯಂಥ ಮೂಸ್ ಸಿಗುತ್ತವೆ. ನಾವೂ ಎರಡು ಸ್ನಾನಗಳ ನಡುವೆ ಪಂಜಕ್ಕೆ ವೈಪ್ಸ್ ಬಳಸುತ್ತೇವೆ, ಹೊರಗೆ ಸುತ್ತಾಡಿ ಬಂದ ತಕ್ಷಣ. ಹಚ್ಚಿದ ಮೇಲೆ ಚರ್ಮ ಇನ್ನೂ ಕೆಂಪಾದರೆ ಅಥವಾ ಮುಖ ಊದಿಕೊಂಡರೆ ಅಲ್ಲಿಗೇ ನಿಲ್ಲಿಸಿ, ತೊಳೆದು, ವೆಟ್ ಹತ್ತಿರ ಕರೆದುಕೊಂಡು ಹೋಗಿ.