ಮಾನ್‌ಸ್ಟರ್ ಹಂಟರ್ ಬೀಟಾಕ್ಕ ರೊಕ್ಕ ಕೊಡಬ್ಯಾಡ್ರಿ, ‘60 ಫ್ರೇಮ್’ ನೋಡಿ ಕಾರ್ಡ್ ತಗೋಬ್ಯಾಡ್ರಿ

ಇದು 2025ರ ಫೆಬ್ರುವರಿ ಎರಡನೇ ವಾರದಾಗ ಬರದದ್ದು. ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆ ಹುಡುಗ್ರು ಇದನ್ನ ಶುಕ್ರವಾರದ ಒಳಗ ಓದ್ರಿ. ಮಾನ್‌ಸ್ಟರ್ ಹಂಟರ್ ವೈಲ್ಡ್ಸ್ ಅನ್ನೋ ಬೇಟೆ ವಿಡಿಯೋ ಗೇಮಿನ ಎರಡನೇ ಓಪನ್ ಬೀಟಾ (ಆಟ ಮಾರಾಟಕ್ಕ ಬರೋ ಮೊದಲ ಎಲ್ಲಾರಿಗೂ ಆಡಾಕ ಕೊಡೋ ಪರೀಕ್ಷಾ ಆವೃತ್ತಿ) ಫೆಬ್ರುವರಿ 14ರ ಮುಂಜಾನೆ 8:30ಕ್ಕ ಮತ್ತ ತೆರೀತೈತಿ. ಹೋದ ವಾರ ಹುಬ್ಬಳ್ಳಿ ಒಳಗ ಒಂದ ಕಂಪ್ಯೂಟರ್ ಅಂಗಡ್ಯಾಗ ‘ಬೀಟಾ ರೆಡಿ ಪ್ಯಾಕೇಜ್’ ಅಂತ ಮಾರ್ಯಾರ. ಸೆಕೆಂಡ್ ಹ್ಯಾಂಡ್ ಗ್ರಾಫಿಕ್ಸ್ ಕಾರ್ಡಿಗೆ (ಕಂಪ್ಯೂಟರಿನಾಗ ಆಟದ ಚಿತ್ರ ಮೂಡಿಸೋ ಭಾಗ) 11,500, ಮ್ಯಾಲ ‘ಬೀಟಾ ಆ್ಯಕ್ಟಿವೇಶನ್’ 800. ಒಟ್ಟ ನಮ್ಮ 12,300 ರೂಪಾಯಿ ಹೋತು. ಈ ವಾರನೂ ಮಾರತಾರ, ಅದಕ್ಕ ಬರದೇನಿ.

ಮೊದಲ ಆ 800. ಓಪನ್ ಬೀಟಾ ಪುಕ್ಕಟೆ ಐತಿ. ಕೀ ಇಲ್ಲ, ಕೂಪನ್ ಇಲ್ಲ, ಆ್ಯಕ್ಟಿವೇಶನ್ ಅನ್ನೋದ ಇಲ್ಲ. ಸ್ಟೀಮ್ ಅನ್ನೋ ಕಂಪ್ಯೂಟರ್ ಆಟದ ಇಂಟರ್ನೆಟ್ ಅಂಗಡ್ಯಾಗ ನಿಮ್ಮ ಅಕೌಂಟಿನಾಗ ಆಟದ ಪುಟ ತಗದು ಬೀಟಾ ಡೌನ್‌ಲೋಡ್ ಒತ್ತಿದ್ರ ಮುಗೀತು. ಅಂಗಡಿಯವರು ಮಾಡಿದ್ದೇನು? ತಮ್ಮ ಅಕೌಂಟಿನಾಗ ಇಳಿಸಿ, ಅದರಾಗ ಲಾಗಿನ್ ಮಾಡಿ ಕೊಟ್ಟಾರ. ಲಾಗಿನ್ ಖಾತ್ರಿಗೆ ಕೇಳೋ ಸ್ಟೀಮ್ ಗಾರ್ಡ್ ಕೋಡ್ ಬರೋದು ಅವರ ಫೋನಿಗೆ. ಲಾಗಿನ್ ಹೋದ ಪ್ರತಿ ಸಲ ಅವರಿಗೆ ಫೋನ್ ಹಚ್ಚಿ ಕೋಡ್ ಕೇಳಬೇಕು.

ಇದರಾಗ ಹೊಟ್ಟಿ ಉರಿಯೋ ಮಾತು ಬ್ಯಾರೆನ ಐತಿ. ಬೀಟಾದಾಗ ಎಷ್ಟ ಬೇಟೆ ಆಡಿದ್ರೂ ಅದು ಪೂರ್ತಿ ಆಟಕ್ಕ ಬರಂಗಿಲ್ಲ. ಬರೋದು ನೀವು ಮಾಡಿದ ಕ್ಯಾರೆಕ್ಟರ್, ಮುಖ, ಕೂದಲು, ದನಿ, ಜೋಡಿ ಇರೋ ಪ್ಯಾಲಿಕೋ ಬೆಕ್ಕಿನ ಬಣ್ಣ, ಇಷ್ಟ. ಅದೂ ಅದ ಅಕೌಂಟಿಗೆ ಬರತೈತಿ. ಮೂರು ತಾಸು ಕುಂತು ಮಾಡಿದ ಕ್ಯಾರೆಕ್ಟರ್ ಈಗ ಅಂಗಡಿಯವರ ಅಕೌಂಟಿನಾಗ ಕುಂತೈತಿ. ಸೋಮವಾರ ಬೀಟಾ ಮುಚ್ಚಿತು, ಮಧ್ಯಾಹ್ನ ಪಾಸ್‌ವರ್ಡ್ ಬದಲಾತು. ಕೇಳಿದ್ರ ಬಂದ ಉತ್ತರ: “ಅಕೌಂಟ್ ನಮ್ದ ಐತ್ರಿ. ನೀವು ಆಡಿದ್ದಕ್ಕ ರೊಕ್ಕ ಕೊಟ್ಟೀರಿ.” ಆಡಿದ್ದಕ್ಕ! ಕಂಪನಿ ಪುಕ್ಕಟೆ ಕೊಟ್ಟದ್ದನ್ನ ಆಡಿದ್ದಕ್ಕ ಇವರಿಗೆ ರೊಕ್ಕ.

ಇನ್ನ ಕಾರ್ಡಿನ ಮಾತು. ಹೇಳಿದ್ದು ಜಿಟಿಎಕ್ಸ್ 1660 ಸೂಪರ್, 6 ಜಿಬಿ. ಡಬ್ಬಿ ಇಲ್ಲ, ಬರೇ ಗುಳ್ಳಿ ಪ್ಲಾಸ್ಟಿಕ್ ಸುತ್ತಿ ಕೊಟ್ಟಾರ. ಮನ್ಯಾಗ ಕಾರ್ಡಿನ ವಿವರ ತೋರಿಸೋ ಜಿಪಿಯು-ಝಡ್ ಅನ್ನೋ ಪ್ರೋಗ್ರಾಮ್ ಹಾಕಿ ನೋಡಿದ್ರ ಮೆಮೊರಿ ಟೈಪ್ ಸಾಲಿನಾಗ ಜಿಡಿಡಿಆರ್5. ಸೂಪರಿಗೆ ಇರೋದು ಅದಕ್ಕಿಂತ ವೇಗದ ಮೆಮೊರಿ, ಜಿಡಿಡಿಆರ್6. ಬ್ಯಾಂಡ್‌ವಿಡ್ತ್ (ಮೆಮೊರಿಯಿಂದ ಡೇಟಾ ಹರಿಯೋ ವೇಗ) ಸೂಪರಿಗೆ ಸೆಕೆಂಡಿಗೆ 336 ಜಿಬಿ ಇರಬೇಕು, ಇದರಾಗ 192. ಅಂದ್ರ ಬರೇ 1660. ಫೋನಿನಾಗ ಅಂಗಡಿಯಂವ ಏನಂದ ಕೇಳ್ರಿ: “ಎರಡೂ ಒಂದ ರೀ, ಕೋರ್ ಎಣಿಸ್ರಿ, 1408 ಅದಕ್ಕೂ, 1408 ಇದಕ್ಕೂ.” ಆ ಮಾತು ಖರೆ ಐತಿ, ಅದಕ್ಕ ಒಂದ ಗಳಿಗಿ ಬಾಯಿ ಕಟ್ಟಿತು. ಕೋರ್ (ಲೆಕ್ಕ ಮಾಡೋ ಘಟಕ) ಅಷ್ಟ ಅದಾವ, ಆದ್ರ ಆ ಕೋರಿಗೆ ಡೇಟಾ ತಂದು ಹಾಕೋ ದಾರಿ ಅರ್ಧಕ್ಕಿಂತ ಒಂದೀಟು ಹೆಚ್ಚಷ್ಟ. ಈ ಆಟದಾಗ ಅದ ಮುಖ್ಯ. ಬಯಲಿನಾಗ ಡೋಶಗುಮಾ ಅನ್ನೋ ಪ್ರಾಣಿ ಹಿಂಡು ಒಮ್ಮೆಲೆ ಓಡಿ ಬಂದಾಗ, ಮರಳ ಬಿರುಗಾಳಿ ಎದ್ದು ಸಿಡಿಲಿನ ನಡುವ ರೇ ಡಾವ್ ಅನ್ನೋ ದೈತ್ಯ ಪ್ರಾಣಿ ಇಳಿದಾಗ ಮೆಮೊರಿ ಮ್ಯಾಲನ ಭಾರ ಬೀಳತೈತಿ.

ಹಂಗಾರ ಅಂಗಡ್ಯಾಗ ಸೆಕೆಂಡಿಗೆ 60 ಫ್ರೇಮ್, ಅಂದ್ರ 60 ಚಿತ್ರ, ಹೆಂಗ ಬಂತು? ಇಲ್ಲೇ ನೋಡ್ರಿ ಮೋಸ. ಅಂಗಡ್ಯಾಗ ಪರದೆ ಮೂಲ್ಯಾಗ 58, 60, 62 ಅಂತ ಚಂದಗೆ ತೋರಿಸ್ಯಾರ. ಅದನ್ನ ನೋಡೇ ರೊಕ್ಕ ಎಣಿಸಿದ್ದು. ಆ ಕ್ಯಾರೆಕ್ಟರ್ ನಿಂತಿದ್ದು ಎಲ್ಲಿ? ಟ್ರೇನಿಂಗ್ ಏರಿಯಾದಾಗ. ಎರಡನೇ ಬೀಟಾದಾಗ ಹೊಸದಾಗಿ ಕೊಟ್ಟ ಜಾಗ ಅದು. ಹಿಂಡಿಲ್ಲ, ಬಿರುಗಾಳಿ ಇಲ್ಲ, ಹೊಡಿಯಾಕ ಒಂದ ಗೊಂಬಿ. ಮ್ಯಾಲ ಸೆಟ್ಟಿಂಗ್ಸಿನಾಗ ಫ್ರೇಮ್ ಜನರೇಶನ್ ಆನ್ ಇಟ್ಟಾರ. ಆ ಮೆನು ತಗೀಲೇ ಇಲ್ಲ, ತಗೀರಿ ಅಂತ ನಾವೂ ಕೇಳಲಿಲ್ಲ. ಅದ ನಾಚಿಕಿ.

ಫ್ರೇಮ್ ಜನರೇಶನ್ ಅಂದ್ರ ಎರಡು ಖರೆ ಫ್ರೇಮಿನ ನಡುವ ಒಂದ ಊಹಿಸಿದ ಫ್ರೇಮ್ ತುರುಕೋದು. ಕಣ್ಣಿಗೆ 60, ಕೈಗೆ 30. ನೀವು ಒತ್ತಿದ ಬಟನ್ ಲೆಕ್ಕಕ್ಕ ಬರೋದು ಖರೆ ಫ್ರೇಮಿನಾಗಷ್ಟ, ಅದೂ ಒಂದೀಟು ತಡಾ ಆಗಿ. ನಿಧಾನ ಆಟಕ್ಕ ನಡೀತೈತಿ. ಇಲ್ಲಿ ದೊಡ್ಡ ಕತ್ತಿ ಗ್ರೇಟ್ ಸ್ವೋರ್ಡಿನಿಂದ ಪ್ರಾಣಿ ಹೊಡೆತಕ್ಕ ಎದುರು ಹೊಡಿಯೋ ಆಫ್‌ಸೆಟ್ ಹೊಡೆತ, ಗುರಾಣಿ ಇದ್ದವರಿಗೆ ಪರ್ಫೆಕ್ಟ್ ಗಾರ್ಡ್, ಬಿಲ್ಲಿನವರಿಗೆ ತಪ್ಪಿಸಿಕೊಳ್ಳೋದು, ಎಲ್ಲಾ ಸರಿ ಗಳಿಗಿಯೊಳಗ ಒತ್ತಬೇಕು. ಫೋಕಸ್ ಮೋಡಿನಾಗ ಗಾಯಕ್ಕ ಗುರಿ ಇಟ್ಟು ಹೊಡದ್ರ ಪ್ರಾಣಿ ಆಗಲೇ ಮಗ್ಗಲಾಗಿರತೈತಿ. ಆಟ ಭಾಳ ಚಲೋ ಐತಿ ರೀ, ಸವಾರಿ ಪ್ರಾಣಿ ಸೇಕ್ರೆಟ್ ಮ್ಯಾಲ ಕುಂತು ಓಡಕೋತನ ಆಯುಧ ಬದಲಿ ಮಾಡೋದು, ಗಾಯ ಒಡದಾಗ ಪ್ರಾಣಿ ಮುಗ್ಗರಿಸೋದು, ಎಲ್ಲಾ ಚಲೋ. ಈ ಕಾರ್ಡಿನಾಗ ಅದ್ಯಾವದೂ ಕೈಗೆ ಹತ್ತಲಿಲ್ಲ. ಫ್ರೇಮ್ ಜನರೇಶನ್ ಆಫ್ ಮಾಡಿದ್ರ ಎಲ್ಲಾ ಕನಿಷ್ಠ ಸೆಟ್ಟಿಂಗಿನಾಗ ಕ್ಯಾಂಪಿನೊಳಗ 31, ಹಿಂಡಿನ ನಡುವ 19ರಿಂದ 22.

ಅವರ ಉತ್ತರಗಳು ಒಂದೊಂದ ದಿನಕ್ಕ ಒಂದೊಂದು. ಶುಕ್ರವಾರ ರಾತ್ರಿ: “ಶೇಡರ್ ಕಂಪೈಲ್ ಆಗಾಕತ್ತೈತಿ, ಎರಡ ದಿನ ಬಿಡ್ರಿ.” ಶೇಡರ್ ಕಂಪೈಲ್ (ಚಿತ್ರ ಮೂಡಿಸೋ ಪ್ರೋಗ್ರಾಮ್ ಕಾರ್ಡಿಗೆ ತಕ್ಕಂಗ ತಯಾರಾಗೋದು) ಆಗೋದು ಮೊದಲ ಸಲ ಆಟ ತೆರೆದಾಗ, ಪರದೆ ಮ್ಯಾಲ ಪಟ್ಟಿ ತೋರಿಸತೈತಿ, ಅದು ತುಂಬಿತು ಅಂದ್ರ ಮುಗೀತು. ಶನಿವಾರ: “ನಿಮ್ಮ ನೆಟ್ ಸ್ಲೋ ಇರಬೇಕು.” ನೆಟ್ಟಿಗೂ ಫ್ರೇಮಿಗೂ ಏನ ಸಂಬಂಧ? ಭಾನುವಾರ ಒಗೆದಿದ್ದು ದೊಡ್ಡ ಬಾಣ: “ಕಂಪನಿಯವರ 1660 ಸಾಕು ಅಂತ ಹೇಳ್ಯಾರ.” ಇದೂ ಅರ್ಧ ಖರೆ. ಆಟ ಮಾಡಿದ ಕಂಪನಿ ಕ್ಯಾಪ್ಕಾಮ್ ಈ ತಿಂಗಳ ಮೊದಲ ವಾರ ಕಡಿಮಿ ಮಾಡಿದ್ದು ಫೆಬ್ರುವರಿ 28ಕ್ಕ ಬರೋ ಪೂರ್ತಿ ಆಟದ ಕನಿಷ್ಠ ಸ್ಪೆಕ್ (ಆಟಕ್ಕ ಬೇಕಾದ ಕಂಪ್ಯೂಟರ್ ಶಕ್ತಿ). ಅದೂ 720ಪಿ ಚಿತ್ರ ಹಿಗ್ಗಿಸಿ 1080ಪಿ ಮಾಡಿ, ಕನಿಷ್ಠ ಸೆಟ್ಟಿಂಗಿನಾಗ 30 ಫ್ರೇಮ್. ಈಗಿನ ಬೀಟಾದಾಗ ಅದಕ್ಕ ಬೇಕಾದ ಸುಧಾರಣೆ ಇಲ್ಲ ಅಂತ ಕ್ಯಾಪ್ಕಾಮಿನವರ ಹೇಳ್ಯಾರ. 2024ರ ಕೊನೀಗೆ ಬಂದ ಮೊದಲನೇ ಬೀಟಾಕ್ಕ ಕನಿಷ್ಠ ಕೇಳಿದ್ದು 1660 ಸೂಪರ್. ಅದನ್ನ ನೋಡೇ ನಾವು ಸೂಪರ್ ಕೇಳಿದ್ದು!

ಬಿಲ್ ನೋಡ್ರಿ: ‘ವಿಜಿಎ ಕಾರ್ಡ್ 6 ಜಿಬಿ – 1’. ಮಾಡಲ್ ಇಲ್ಲ, ಸೀರಿಯಲ್ ನಂಬರ್ ಇಲ್ಲ, ಜಿಎಸ್‌ಟಿ ನಂಬರ್ ಇಲ್ಲ. 800ರ ಮಾತಂತೂ ಬಿಲ್ಲಿನಾಗ ಇಲ್ಲೇ ಇಲ್ಲ. 1915ಕ್ಕ ಗ್ರಾಹಕ ಸಹಾಯವಾಣಿಗೆ ಹೇಳಾಗೈತಿ, ಆದ್ರ ಸೂಪರ್ ಅಂತ ಹೇಳಿದ್ದಕ್ಕ ಕೈಯಾಗ ಕಾಗದ ಇಲ್ಲ.

ಕಾರ್ಡ್ ತಗೊಳ್ಳೋರು ಬಿಲ್ಲಿನಾಗ ಪೂರ್ತಿ ಮಾಡಲ್ ಹೆಸರು, ಸೀರಿಯಲ್ ನಂಬರ್ ಬರಿಸ್ರಿ. ಬರಿಯಂಗಿಲ್ಲ ಅಂದ್ರ ಎದ್ದು ಬರ್ರಿ. ಜಿಪಿಯು-ಝಡ್ ಪೆನ್‌ಡ್ರೈವಿನಾಗ ಒಯ್ಯಿರಿ, ಇನ್‌ಸ್ಟಾಲ್ ಮಾಡೋದ ಬ್ಯಾಡ, ಹಂಗ ತೆರೀತೈತಿ. ಸ್ಟೀಮಿನಾಗ ಇದ ಆಟದ ವೇಗ ಅಳಿಯೋ ಬೆಂಚ್‌ಮಾರ್ಕ್ ಪುಕ್ಕಟೆ ಐತಿ. ಅದನ್ನ ಫ್ರೇಮ್ ಜನರೇಶನ್ ಆಫ್ ಮಾಡಿ ಅಂಗಡ್ಯಾಗ ಓಡಿಸ್ರಿ. ಕೊನೀ ಸರಾಸರಿ ನಂಬಬ್ಯಾಡ್ರಿ, ಅದರಾಗ ಕಥಿ ದೃಶ್ಯನ ಭಾಳ ಅದಾವ. ಬಯಲಿನಾಗ ಸವಾರಿ ಹೋಗೋ ಹೊತ್ತಿನಾಗ ಮೂಲ್ಯಾಗಿನ ಅಂಕಿ ನೋಡ್ರಿ.

ನಿನ್ನೆ ಕಾರ್ಡ್ ಮರಳಿ ತಗೋರಿ ಅಂತ ಅಂಗಡಿಗೆ ಹೋದ್ರ ಗಲ್ಲಾದ ಮ್ಯಾಲ ‘ಬೀಟಾ ರೆಡಿ ಪ್ಯಾಕೇಜ್’ ಬೋರ್ಡ್ ಇನ್ನೂ ನಿಂತೈತಿ. ಗುಳ್ಳಿ ಪ್ಲಾಸ್ಟಿಕ್ಕಿನಾಗ ಸುತ್ತಿದ ಕಾರ್ಡ್ ಇನ್ನ ನಾಕು ಇಟ್ಟಾರ. ಅಂವ ಅಂದ: “ಒಮ್ಮೆ ಬಿಚ್ಚಿದ ಮಾಲು ತಗೊಳ್ಳಂಗಿಲ್ರಿ. 14ಕ್ಕ ಬರ್ರಿ, ನಿಮಗ ಆ್ಯಕ್ಟಿವೇಶನ್ 400ಕ್ಕ ಹಾಕಿಕೊಡತೇವಿ.”