ಚಾರ್ಜರನ್ನೂ ತೂಗಿ ನೋಡಿ: ದೊಡ್ಡ ಪರದೆಯ ಎರಡು ಲ್ಯಾಪ್‌ಟಾಪ್‌ಗಳ ಜೊತೆ ನಾಲ್ಕೂವರೆ ವರ್ಷ

ಮೊದಲ ಲ್ಯಾಪ್‌ಟಾಪ್ ಕೊಳ್ಳುವಾಗ ನಾನು ತೂಕ ನೋಡಿಯೇ ಕೊಂಡಿದ್ದೆ. 17.3 ಇಂಚಿನ ಪರದೆ, 2.8 ಕಿಲೋ. ಹೆಗಲಿಗೆ ಅಷ್ಟೇನೂ ಹೊರೆಯಲ್ಲ ಎನ್ನಿಸಿತ್ತು. ಪೆಟ್ಟಿಗೆ ಬಿಚ್ಚಿದಾಗ ಅದರೊಳಗೆ ಇಟ್ಟಿಗೆಯಷ್ಟು ದಪ್ಪದ, 230 ವ್ಯಾಟಿನ ಚಾರ್ಜರ್ ಇತ್ತು. ಅಡುಗೆಮನೆಯ ತಕ್ಕಡಿಯ ಮೇಲಿಟ್ಟೆ: ಎರಡೂ ವೈರುಗಳು ಸೇರಿ 840 ಗ್ರಾಂ. ಅಂದರೆ ನಾನು ಹೊರಬೇಕಾದದ್ದು 2.8 ಅಲ್ಲ, 3.6 ಕಿಲೋಗಿಂತ ಹೆಚ್ಚು. ಆ 840 ಗ್ರಾಂ ಬಗ್ಗೆ ಜಾಹೀರಾತಿನಲ್ಲಿ ಒಂದಕ್ಷರವೂ ಇರಲಿಲ್ಲ. ಆ ಸಿಟ್ಟು ನನಗೆ ಇಂದಿಗೂ ಇಳಿದಿಲ್ಲ.

ಸಂಗೀತ ಕಛೇರಿ, ಉಪನ್ಯಾಸಗಳನ್ನು ಚಿತ್ರೀಕರಿಸಿ, ಸಂಕಲಿಸಿ, ಅಡಿಬರಹ ಸೇರಿಸಿಕೊಡುವುದು ನನ್ನ ಕೆಲಸ. ದಿನದ ಅರ್ಧ ಹೊರಗೆ ಕಳೆಯುತ್ತದೆ. ಆಟಗಳನ್ನು ಆಡುವುದಿಲ್ಲ, ಆದ್ದರಿಂದ ಆಟಗಳು ಎಷ್ಟು ಸಲೀಸಾಗಿ ಓಡುತ್ತವೆ ಎಂಬ ಲೆಕ್ಕ ಇಲ್ಲಿ ಸಿಗುವುದಿಲ್ಲ. ಆಗ ಕೈಯಲ್ಲಿದ್ದ ಹಣಕ್ಕೆ ಒಂದೇ ಯಂತ್ರ ಸಾಧ್ಯವಿತ್ತು. ಮನೆಗೂ ಅದೇ, ಹೊರಗೂ ಅದೇ ಎಂದು ದೊಡ್ಡದನ್ನೇ ತೆಗೆದುಕೊಂಡೆ. ಮೂರು ವರ್ಷ ಅದನ್ನು ಹೊತ್ತ ಮೇಲೆ, ಒಂದೂವರೆ ವರ್ಷದ ಹಿಂದೆ, 16 ಇಂಚಿನ ಇನ್ನೊಂದನ್ನು ಕೊಂಡೆ. ದೊಡ್ಡದರಲ್ಲಿರುವಂತೆ ಇದಕ್ಕೆ ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್, ಅಂದರೆ ದೃಶ್ಯದ ಕೆಲಸಕ್ಕೆಂದೇ ಇರುವ ಬೇರೆ ಚಿಪ್, ಇಲ್ಲ. 1.9 ಕಿಲೋ ತೂಕ, ಮುಷ್ಟಿಯೊಳಗೆ ಹಿಡಿಯಬಹುದಾದ 100 ವ್ಯಾಟಿನ ಯುಎಸ್‌ಬಿ-ಸಿ ಚಾರ್ಜರ್. ಅದೇ ಚಾರ್ಜರ್ ನನ್ನ ಮೊಬೈಲಿಗೂ ಕ್ಯಾಮೆರಾಗೂ ಆಗುತ್ತದೆ.

ತೂಕದ ಮಾತು ಅಲ್ಲಿಗೇ ಮುಗಿದಿದ್ದರೆ ಇಷ್ಟುದ್ದ ಬರೆಯುತ್ತಿರಲಿಲ್ಲ. ನಿಜವಾದ ತೊಂದರೆ, ದೊಡ್ಡ ಲ್ಯಾಪ್‌ಟಾಪ್ ಗೋಡೆಯನ್ನು ಬಿಟ್ಟು ಬದುಕುವುದಿಲ್ಲ ಎಂಬುದು. ಸಭಾಂಗಣಕ್ಕೆ ಕಾಲಿಟ್ಟೊಡನೆ ನನ್ನ ಕಣ್ಣು ವೇದಿಕೆಯ ಕಡೆಗಲ್ಲ, ಪ್ಲಗ್ ಪಾಯಿಂಟ್ ಎಲ್ಲಿದೆ ಎಂದು ಹುಡುಕುತ್ತಿತ್ತು. ಎಷ್ಟೋ ಸಲ ಅದು ವೇದಿಕೆಯ ಪರದೆಯ ಹಿಂದೆ ಅಥವಾ ಕುರ್ಚಿಗಳ ಸಾಲಿನ ಕೆಳಗೆ ಸಿಗುತ್ತಿತ್ತು. ವೈರು ಸಾಲದೆ ಎಕ್ಸ್‌ಟೆನ್ಷನ್ ಬಾಕ್ಸನ್ನೂ ಚೀಲಕ್ಕೆ ಸೇರಿಸಿಕೊಂಡೆ. ಗೋಡೆಗೊರಗಿ ನೆಲದ ಮೇಲೆ ಕುಳಿತು ಸಂಕಲನ ಮಾಡಿದ ಸಂಜೆಗಳಿಗೆ ಲೆಕ್ಕವಿಲ್ಲ.

ಪ್ಲಗ್ ತೆಗೆದರೆ ಅದು ಬೇರೆಯೇ ಯಂತ್ರವಾಗುತ್ತಿತ್ತು. ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಕಾರ್ಡ್ ಎರಡೂ ಪೂರ್ತಿ ದುಡಿಯುವಾಗ ಎಳೆಯುವಷ್ಟು ವಿದ್ಯುತ್ತನ್ನು ಬ್ಯಾಟರಿ ಒಮ್ಮೆಗೇ ಕೊಡಲಾರದು. ಹಾಗಾಗಿ ಎರಡರ ವೇಗವನ್ನೂ ಯಂತ್ರ ತಾನೇ ತಗ್ಗಿಸುತ್ತದೆ. ಹೊಸತರಲ್ಲೇ ಸಂಕಲನದ ಕೆಲಸಕ್ಕೆ ಸಿಗುತ್ತಿದ್ದದ್ದು ಒಂದು ಗಂಟೆ ಹತ್ತು ನಿಮಿಷ. ಇನ್ನೂ ದೊಡ್ಡ ಬ್ಯಾಟರಿ ಏಕೆ ಹಾಕುವುದಿಲ್ಲ ಎಂದು ಕೇಳಬಹುದು. ಬ್ಯಾಟರಿಯಲ್ಲಿ ಎಷ್ಟು ವಿದ್ಯುತ್ ಹಿಡಿಯುತ್ತದೆ ಎಂಬುದನ್ನು ವ್ಯಾಟ್-ಗಂಟೆಯಲ್ಲಿ ಅಳೆಯುತ್ತಾರೆ. 100 ವ್ಯಾಟ್-ಗಂಟೆ ಮೀರಿದ ಬ್ಯಾಟರಿಯನ್ನು ವಿಮಾನದಲ್ಲಿ ಒಯ್ಯಲು ವಿಮಾನ ಸಂಸ್ಥೆಯ ಅನುಮತಿ ಬೇಕು. ಆದ್ದರಿಂದಲೇ ಬಹುತೇಕ ಎಲ್ಲ ತಯಾರಕರು 99ರ ಆಸುಪಾಸಿನಲ್ಲಿ ನಿಲ್ಲಿಸುತ್ತಾರೆ. ಪರದೆ, ಕಾರ್ಡ್, ಫ್ಯಾನ್ ಎಲ್ಲವೂ ಬೆಳೆಯಬಹುದು, ಬ್ಯಾಟರಿ ಮಾತ್ರ ಆ ಗೆರೆ ದಾಟುವುದಿಲ್ಲ. ಇದು ಕೊಳ್ಳುವ ಮೊದಲೇ ನನಗೆ ಗೊತ್ತಿರಬೇಕಿತ್ತು.

ಹೊಸ 16 ಇಂಚಿನದನ್ನು ಬೆಳಿಗ್ಗೆ ತುಂಬಿಸಿಕೊಂಡು ಹೊರಟರೆ ಅಡಿಬರಹದ ಕೆಲಸಕ್ಕೆ ಏಳು ಗಂಟೆ ಬರುತ್ತದೆ. ಸಂಕಲನವಾದರೆ ಮೂರೂವರೆ. ಚಾರ್ಜರ್ ಚೀಲದಲ್ಲೇ ಉಳಿದುಹೋದ ದಿನಗಳೂ ಇವೆ.

ಪರದೆ ಚಿಕ್ಕದಾಯಿತಲ್ಲ ಎಂಬ ಅಳುಕು ಮೊದಲು ಇತ್ತು. ಒಂದು ಭಾನುವಾರ ಎರಡನ್ನೂ ಅಕ್ಕಪಕ್ಕ ಇಟ್ಟು ಅಳತೆಪಟ್ಟಿ ಹಿಡಿದೆ. 17.3 ಇಂಚಿನದು 16:9 ಅನುಪಾತದ್ದು: ಅಗಲ 38.3 ಸೆಂಟಿಮೀಟರ್, ಎತ್ತರ 21.5. 16 ಇಂಚಿನದು 16:10 ಅನುಪಾತದ್ದು: ಅಗಲ 34.5, ಎತ್ತರ ಅದೇ 21.5! ಮತ್ತೊಮ್ಮೆ ಅಳೆದೆ, ಅಷ್ಟೇ ಬಂತು. ಅಂದರೆ ಒಂದು ಕಿಲೋ ಇಳಿಸಿಕೊಂಡು ನಾನು ಕಳೆದುಕೊಂಡದ್ದು ಪಕ್ಕದ ನಾಲ್ಕು ಸೆಂಟಿಮೀಟರ್ ಮಾತ್ರ, ಮೇಲೆ ಕೆಳಗೆ ಏನೂ ಇಲ್ಲ. ಧ್ವನಿಯ ಪಟ್ಟಿಗಳನ್ನು ಒಂದರ ಕೆಳಗೊಂದು ಜೋಡಿಸುವ ನನಗೆ ಬೇಕಿರುವುದು ಎತ್ತರವೇ.

ಅಕ್ಷರದ ವಿಷಯದಲ್ಲಂತೂ ಹೊಸದಕ್ಕೆ ಸಾಟಿಯಿಲ್ಲ. ಹಳೆಯದರ ಫುಲ್ ಎಚ್‌ಡಿ ಪರದೆಯಲ್ಲಿ ಇಂಚಿಗೆ 127 ಚುಕ್ಕೆಗಳು, 2560×1600ರ ಹೊಸದರಲ್ಲಿ 189. ಇಂಗ್ಲಿಷ್ ಮಾತ್ರ ಓದುವವರಿಗೆ ಇದು ಅಷ್ಟಾಗಿ ತಿಳಿಯದಿರಬಹುದು. ಕನ್ನಡದ ಅಡಿಬರಹ ತಿದ್ದುವವರಿಗೆ ಗೊತ್ತಾಗುತ್ತದೆ. 'ಲಕ್ಷ್ಮಿ'ಯ ಮಕಾರದ ಒತ್ತು, 'ಸ್ವಾತಂತ್ರ್ಯ'ದ ಕೊನೆಯ ಒತ್ತುಗಳು ಹಳೆಯ ಪರದೆಯಲ್ಲಿ ಸಣ್ಣ ಅಕ್ಷರದಲ್ಲಿ ಕಲೆಸಿಹೋಗುತ್ತಿದ್ದವು. ತಪ್ಪು ಬಿದ್ದಿದೆಯೇ ಎಂದು ನೋಡಲು ಪ್ರತಿ ಸಲ ಹಿಗ್ಗಿಸಬೇಕಿತ್ತು. ಈಗ ಒತ್ತಿನ ಬಳುಕೂ ಕಾಣುತ್ತದೆ. ಈ ಒಂದು ಸುಖಕ್ಕಾಗಿಯೇ ಮತ್ತೆ ಅದನ್ನೇ ಕೊಂಡೇನು.

ಕಾರ್ಯಕ್ಷಮತೆಯಲ್ಲಿ ದೊಡ್ಡದು ಗೆಲ್ಲಲೇಬೇಕಲ್ಲವೇ? ಪೂರ್ತಿಯಾಗಿ ಅಲ್ಲ. ನನ್ನ ಕ್ಯಾಮೆರಾ 10 ಬಿಟ್, 4:2:2 ಮಾದರಿಯ ಎಚ್.265 ಕಡತಗಳನ್ನು ಕೊಡುತ್ತದೆ, ಅಂದರೆ ಬಣ್ಣದ ವಿವರ ಹೆಚ್ಚು ಉಳಿಸಿಕೊಂಡು ಬಿಗಿಯಾಗಿ ಅಡಕಿದ ವಿಡಿಯೋ. ದೊಡ್ಡದರ ದುಬಾರಿ ಕಾರ್ಡಿನಲ್ಲಿ ಆ ಮಾದರಿಯನ್ನು ಬಿಡಿಸುವ ಯಂತ್ರಾಂಗವೇ ಇಲ್ಲ, ಅದರ ಪ್ರೊಸೆಸರಿನಲ್ಲೂ ಇಲ್ಲ. ದೃಶ್ಯ ಒದ್ದಾಡಿಕೊಂಡು ಓಡುತ್ತಿತ್ತು. ಸಂಕಲನಕ್ಕೆ ಮೊದಲು ಎಲ್ಲದಕ್ಕೂ ಹಗುರ ನಕಲು ಮಾಡಿಕೊಳ್ಳಬೇಕಿತ್ತು, ಒಂದೊಂದು ಕಛೇರಿಗೂ ಮುಕ್ಕಾಲು ಗಂಟೆ ಅದಕ್ಕೇ ಹೋಗುತ್ತಿತ್ತು. ಇಂಟೆಲ್ 2020ರಲ್ಲಿ ತಂದ 11ನೇ ಪೀಳಿಗೆಯ ಲ್ಯಾಪ್‌ಟಾಪ್ ಪ್ರೊಸೆಸರುಗಳಿಂದ ಮುಂದಕ್ಕೆ, ಒಳಗೇ ಇರುವ ಗ್ರಾಫಿಕ್ಸ್ ಭಾಗ ಈ ಮಾದರಿಯನ್ನು ಸಲೀಸಾಗಿ ಬಿಡಿಸುತ್ತದೆ. ನನ್ನ ಚಿಕ್ಕ ಯಂತ್ರದಲ್ಲಿರುವುದು ಆ ಸಾಲಿನದೇ. ಮೊದಲ ದಿನ ಕಡತವನ್ನು ನೇರವಾಗಿ ಎಳೆದು ಹಾಕಿ ಹಿಂದೆ ಮುಂದೆ ಸರಿಸಿದೆ, ಬೆರಳು ಹೋದ ಕಡೆಗೆ ದೃಶ್ಯವೂ ಹೋಯಿತು. ತುಂಬ ಹೊತ್ತು ಸುಮ್ಮನೆ ಸರಿಸುತ್ತಲೇ ಕುಳಿತಿದ್ದೆ.

ಆದರೂ ಕತ್ತಲೆ ಸಭಾಂಗಣದ ದೃಶ್ಯಗಳಲ್ಲಿ ಬರುವ ಮರಳು ಮರಳಾದ ಕಲೆಗಳನ್ನು ತೆಗೆಯಬೇಕಾದಾಗ ಚಿಕ್ಕದು ಸೋಲುತ್ತದೆ. ಒಂದು ಗಂಟೆಯ ಕಛೇರಿಗೆ ದೊಡ್ಡದು 40 ನಿಮಿಷ ತೆಗೆದುಕೊಂಡರೆ ಚಿಕ್ಕದಕ್ಕೆ ಎರಡು ಗಂಟೆಯ ಹತ್ತಿರ ಬೇಕು. ಅಲ್ಲಿ ಪ್ರತ್ಯೇಕ ಕಾರ್ಡಿನ ಬಲವೇ ಬಲ. ಕಾರ್ಡಿರುವ ಯಂತ್ರ ಕೊಳ್ಳುವವರು ಹೆಸರು ನೋಡಿ ನಂಬಬೇಡಿ, ಅದಕ್ಕೆ ಎಷ್ಟು ವ್ಯಾಟ್ ಬಿಟ್ಟಿದ್ದಾರೆಂದು ಕೇಳಿ. ಎನ್‌ವಿಡಿಯಾ ಕಂಪನಿಯ ಲ್ಯಾಪ್‌ಟಾಪ್ ಕಾರ್ಡ್ ಆರ್‌ಟಿಎಕ್ಸ್ 4060 ಅನ್ನೇ ತೆಗೆದುಕೊಳ್ಳಿ, ಯಂತ್ರದ ವಿನ್ಯಾಸಕ್ಕೆ ತಕ್ಕಂತೆ 35 ವ್ಯಾಟಿನಿಂದ 115 ವ್ಯಾಟಿನವರೆಗೂ ಇರಬಹುದು. ಹೆಸರು ಒಂದೇ, ದುಡಿಮೆ ಒಂದೇ ಅಲ್ಲ.

ಕೀಲಿಮಣೆಯ ಬಗ್ಗೆ ಒಂದು ಮಾತು. ದೊಡ್ಡದರಲ್ಲಿ ಬಲಕ್ಕೆ ಅಂಕಿಗಳ ಫಲಕವಿದೆ. ಅದರಿಂದ ಅಕ್ಷರದ ಕೀಲಿಗಳೆಲ್ಲ ಎಡಕ್ಕೆ ಸರಿದಿವೆ, ಪರದೆಯ ನಡುಭಾಗ ಮಾತ್ರ ಬಲಕ್ಕೆ ಉಳಿದಿದೆ. ಕೈ ಒಂದು ಕಡೆ, ಕಣ್ಣು ಇನ್ನೊಂದು ಕಡೆ. ಮೂರನೇ ವರ್ಷದ ಹೊತ್ತಿಗೆ ಕತ್ತಿನ ಬಲಭಾಗ ಹಿಡಿದುಕೊಳ್ಳತೊಡಗಿತ್ತು. ಲೆಕ್ಕಪತ್ರ ಬರೆಯುವವರಿಗೆ ಆ ಫಲಕ ಬೇಕೇ ಬೇಕು, ನನಗೆ ಬೇಡ.

ಇಷ್ಟೆಲ್ಲ ದೂರಿದ ಮೇಲೂ ದೊಡ್ಡದನ್ನು ಮಾರಲಿಲ್ಲ. ಮಾರುವ ಯೋಚನೆಯಿಂದಲೇ ಒಮ್ಮೆ ಅದರ ತಳ ಬಿಚ್ಚಿದ್ದೆ. ಫ್ಯಾನಿನ ರೆಕ್ಕೆಗಳಿಗೆ ಧೂಳು ಹತ್ತಿಯಂತೆ ಮೆತ್ತಿಕೊಂಡಿತ್ತು. ಬ್ರಷ್ಷಿನಿಂದ ಬಿಡಿಸಿ, ಚಿಪ್ಪಿನ ಬಿಸಿಯನ್ನು ಹೊರಗೆ ಸಾಗಿಸಲು ಹಚ್ಚುವ, ಒಣಗಿಹೋಗಿದ್ದ ಥರ್ಮಲ್ ಪೇಸ್ಟ್ ಒರೆಸಿ ಹೊಸದು ಹಚ್ಚಿದೆ. ಆ ರಾತ್ರಿ ಫ್ಯಾನಿನ ಅಬ್ಬರ ಅರ್ಧಕ್ಕೆ ಇಳಿಯಿತು. ಬಿಚ್ಚಿದಾಗಲೇ ಇನ್ನೊಂದು ಕಂಡಿತು: ಮೆಮೊರಿಗೆ ಎರಡು ಜಾಗ, ಕಡತಗಳನ್ನು ಕೂಡಿಡುವ ಎಸ್‌ಎಸ್‌ಡಿಗೆ ಎರಡು ಜಾಗ, ಎಲ್ಲವೂ ತೆಗೆದು ಹಾಕುವಂಥವು. 16 ಜಿಬಿ ಇದ್ದದ್ದನ್ನು 32 ಮಾಡಿದೆ. ಚಿಕ್ಕದರಲ್ಲಿ ಮೆಮೊರಿಯನ್ನು ಬೋರ್ಡಿಗೇ ಬೆಸೆದಿದ್ದಾರೆ, ಕೊಂಡ ದಿನದ 16 ಜಿಬಿಯೇ ಅದಕ್ಕೆ ಕೊನೆಯವರೆಗೂ. ನಾಲ್ಕು ವರ್ಷ ಕಳೆದ ಮೇಲೆ ಅದನ್ನು ಹೀಗೆ ಮತ್ತೆ ಎಬ್ಬಿಸಿ ನಿಲ್ಲಿಸಲು ಆಗುವುದಿಲ್ಲ ಎಂಬ ಬೇಸರ ನನಗೆ ಈಗಲೇ ಇದೆ.

ಈಗ ದೊಡ್ಡದು ಮೇಜು ಬಿಟ್ಟು ಕದಲುವುದಿಲ್ಲ. ಸದಾ ಪ್ಲಗ್ಗಿನಲ್ಲೇ ಇರುವುದರಿಂದ, ಬೇಗ ಸವೆಯದಿರಲೆಂದು ಬ್ಯಾಟರಿ 80 ಶೇಕಡಾ ದಾಟಿ ತುಂಬದಂತೆ ಕಟ್ಟಿದ್ದೇನೆ. ಊಟವಾದ ಮೇಲೆ ಅಮ್ಮ ಕುರ್ಚಿ ಎಳೆದುಕೊಂಡು ಬರುತ್ತಾರೆ. ಮೆತ್ತನೆಯ ಬಟ್ಟೆಯಿಂದ ಪರದೆಯನ್ನು ಮೇಲಿನಿಂದ ಕೆಳಕ್ಕೆ ಒರೆಸುವುದು ಅವರ ಕೆಲಸ, ನಾನು ಮುಟ್ಟಿದರೆ ಒಪ್ಪುವುದಿಲ್ಲ. ಆಮೇಲೆ ಇಬ್ಬರೂ ಹಳೆಯ ಚಿತ್ರವೊಂದನ್ನು ನೋಡುತ್ತೇವೆ. ಚಿಕ್ಕದರಲ್ಲೂ ಒಮ್ಮೆ ತೋರಿಸಿದ್ದೆ, ಐದು ನಿಮಿಷಕ್ಕೆ "ನಿನ್ನ ಆ ದೊಡ್ಡದನ್ನೇ ತೆಗೆಯೋ" ಎಂದರು. ಅಗಲ ಚಿತ್ರಕ್ಕೆ ಆ ನಾಲ್ಕು ಸೆಂಟಿಮೀಟರ್ ಲೆಕ್ಕಕ್ಕೆ ಬರುತ್ತದೆ ಎಂದು ಆಗ ಒಪ್ಪಿಕೊಂಡೆ. ಧ್ವನಿಯೂ ಹಾಗೆಯೇ. ದೊಡ್ಡ ಒಡಲಿನಲ್ಲಿ ಸ್ಪೀಕರಿಗೆ ಉಸಿರಾಡಲು ಜಾಗವಿದೆ, ಮೃದಂಗದ ಎಡಭಾಗದ ಗುಮ್ಮೆನ್ನುವ ನಾದ ಅದರಲ್ಲಿ ಕೇಳುತ್ತದೆ. ಚಿಕ್ಕದರಲ್ಲಿ ಬಲಭಾಗದ ಟಣತ್ಕಾರ ಮಾತ್ರ.

ಒಂದನ್ನೇ ಕೊಳ್ಳಲು ಹಣವಿದ್ದು, ವಾರಕ್ಕೆ ಎರಡು ಸಲವಾದರೂ ಹೊರಗೆ ಒಯ್ಯುವವರಾದರೆ 16:10ರ 16 ಇಂಚು ತೆಗೆದುಕೊಳ್ಳಿ, ಮೆಮೊರಿಯನ್ನು ಮಾತ್ರ ಮೊದಲ ದಿನವೇ 32 ಜಿಬಿ ಹಾಕಿಸಿ. ಮೇಜು ಬಿಟ್ಟು ಏಳದ ಯಂತ್ರ ಸಾಕು ಎನ್ನುವವರಿಗೆ ಹದಿನೇಳು ಇಂಚು ಇಂದಿಗೂ ಒಳ್ಳೆಯ ಸಂಗಾತಿ.

ಕಳೆದ ವಾರದ ಕಛೇರಿಯಲ್ಲಿ ದೀಪ ತೀರಾ ಮಂದವಾಗಿತ್ತು. ಅಲ್ಲಿಯೇ ಕುರ್ಚಿಯ ಮೇಲೆ ಕುಳಿತು ಚಿಕ್ಕದರಲ್ಲಿ ಕತ್ತರಿಸಿ ಜೋಡಿಸಿದೆ. ಮನೆಗೆ ಬಂದು ಕಡತವನ್ನು ದೊಡ್ಡದಕ್ಕೆ ಸಾಗಿಸಿ, ಕಲೆ ತೆಗೆಯಲು ಹಚ್ಚಿ ಮಲಗಿದೆ. ಪಕ್ಕದ ಕೋಣೆಯಿಂದ ಅದರ ಫ್ಯಾನ್ ಸಣ್ಣಗೆ ಕೇಳಿಸುತ್ತಿತ್ತು. ಬೆಳಿಗ್ಗೆ ಏಳುವ ಹೊತ್ತಿಗೆ ಕೆಲಸ ಮುಗಿಸಿ ತಣ್ಣಗೆ ಕುಳಿತಿತ್ತು.